ಜನರೇಟರ್ ಮೇಡಂ ಮತ್ತು ಹನ್ನೆರಡು ಕಂಟ್ರೋಲರ್‌ಗಳು

ನಗು ಬರುವಂಥದ್ದು ಏನೂ ನಡೆಯದ ಕೆಲಸ ಯಾವುದಾದರೂ ಇದ್ದರೆ ಅದು ನನ್ನದೇ ಎಂದು ಬಹಳ ಕಾಲ ನಂಬಿದ್ದೆ. ಕಂಪ್ಯೂಟರ್ ಮುಂದೆ ಕೂತು ಟಪಟಪ ಕುಟ್ಟುವುದರಲ್ಲಿ ಏನು ತಮಾಷೆ ಇರುತ್ತದೆ ಹೇಳಿ? ವೈಟ್‌ಫೀಲ್ಡಿನ ಗಾಜಿನ ಕಟ್ಟಡ ಬಿಟ್ಟು ಪೀಣ್ಯದ ಪುಟ್ಟ ಆಫೀಸಿಗೆ ಬಂದ ಮೇಲೆ ಆ ನಂಬಿಕೆ ಹೋಯಿತು. ಇಲ್ಲಿ ವಾರಕ್ಕೊಂದಾದರೂ ಪ್ರಸಂಗ ಆಗದಿದ್ದರೆ ನಮಗೇ ಏನೋ ಕಳಕೊಂಡ ಹಾಗಿರುತ್ತದೆ.

ನಮ್ಮದು ನಾಲ್ಕೇ ಜನರ ಆಫೀಸು, ಬೇರಿಂಗ್ ಅಂಗಡಿಯ ಮೇಲಿನ ಮಹಡಿ. ಪಕ್ಕದ ಶೆಡ್ಡಿನಲ್ಲಿ ಪವರ್ ಪ್ರೆಸ್ ಬಡಿದಾಗಲೆಲ್ಲ ನಮ್ಮ ಕಾಫಿ ಲೋಟಗಳು ಮೇಜಿನ ಮೇಲೆ ತಾವಾಗಿಯೇ ಸ್ವಲ್ಪ ಸ್ವಲ್ಪ ಮುಂದಕ್ಕೆ ಹೋಗುತ್ತವೆ. ಸುತ್ತಲಿನ ಫ್ಯಾಕ್ಟರಿಗಳಿಗೆ ವೆಬ್ ಅಪ್ಲಿಕೇಶನ್ ಮಾಡಿಕೊಡುವುದು ನಮ್ಮ ಕೆಲಸ. ಒಂದೊಂದು ಸಾಲನ್ನೂ ಕೂತು ಬರೆಯುವುದಿಲ್ಲ, ಅದಕ್ಕೊಂದು ಜನರೇಟರ್ ಇದೆ. ನಿಮ್ಮ ಹತ್ತಿರ ಇರುವ ಮಾಹಿತಿ ಇಂಥದ್ದು, ಬೇಕಾದ ಪುಟಗಳು ಇಂಥವು ಎಂದು ಹೇಳಿದರೆ ಅದೇ ಇಡೀ ಅಪ್ಲಿಕೇಶನ್ ಕಟ್ಟಿಕೊಡುತ್ತದೆ. ಒಂದೊಂದು ಬಗೆಯ ಮಾಹಿತಿಗೆ ಒಂದೊಂದು ಕಂಟ್ರೋಲರ್. ಕಂಟ್ರೋಲರ್ ಒಳಗೆ ಕಮಾಂಡ್, ಅಂದರೆ ಯಾವ ಮಾಹಿತಿ ತರಬೇಕು, ಯಾವುದನ್ನು ಇಡಬೇಕು ಎಂದು ಹೇಳುವ ಆಜ್ಞೆ. ಇಷ್ಟು ಗೊತ್ತಿದ್ದರೆ ಸಾಕು. ಇದು ಗೊತ್ತಿಲ್ಲದವರಿಂದಲೇ ಮುಂದಿನದೆಲ್ಲ ನಡೆದದ್ದು. ಗೊತ್ತಿದ್ದವರಿಂದಲೂ ನಡೆದಿದೆ, ಅದನ್ನೂ ಬಿಡುವುದಿಲ್ಲ.

೧. ಕೈಯಲ್ಲೊಂದು ಕಸುಬು

ರಾಜಗೋಪಾಲನಗರದಲ್ಲಿ ಬಾಡಿಗೆ ಮನೆ ನೋಡಲು ಹೋದಾಗ ಓನರ್ ಅಂಕಲ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರು ಈ ಜಾಗದ ಹಳೇ ಜನ. ಈಗ ನಾಲ್ಕು ಮಹಡಿ ಎದ್ದಿರುವ ಸೈಟಿನಲ್ಲಿ ಅವರ ಅಪ್ಪ ರಾಗಿ ಬೆಳೆಯುತ್ತಿದ್ದರಂತೆ.

"ಏನ್ ಕೆಲ್ಸ ಮಾಡ್ತೀಯಮ್ಮಾ?"

"ಸಾಫ್ಟ್‌ವೇರ್ ಅಂಕಲ್."

ಅವರ ಮುಖ ಸಪ್ಪಗಾಯಿತು. "ಎಲ್ರೂ ಅದ್ನೇ ಯೋಳ್ತಾರೆ. ಅದ್ರಾಗೆ ಏನ್ ಮಾಡ್ತೀಯಾ?"

ಇವರಿಗೆ ಹೇಗೆ ಬಿಡಿಸಿ ಹೇಳುವುದು ಎಂದು ಯೋಚಿಸಿ, ಸುಲಭದಲ್ಲಿ ಮುಗಿಸೋಣ ಎಂದು, "ಜನರೇಟರ್ ಮೇಲೆ ಕೆಲಸ" ಎಂದೆ.

"ಅಂಗನ್ನು ಮತ್ತೆ! ಕೈನಾಗೆ ಒಂದ್ ಕಸುಬೈತೆ ಅಂತಾಯ್ತು" ಎಂದವರೇ ಬೀಗದ ಕೈ ಕೊಟ್ಟುಬಿಟ್ಟರು. ಮನೆ ಸಿಕ್ಕಿದ ಖುಷಿಯಲ್ಲಿ ನಾನು ಅವರನ್ನು ತಿದ್ದಲು ಹೋಗಲಿಲ್ಲ.

ಕೆಲವು ತಿಂಗಳ ಮೇಲೆ ಅವರ ಮೊಮ್ಮಗಳ ನಾಮಕರಣ. ತಾರಸಿ ಮೇಲೆ ಶಾಮಿಯಾನ, ಊಟ. ಕರೆಂಟ್ ಹೋಗಿತ್ತು, ಕೆಳಗೆ ಬಾಡಿಗೆಗೆ ತಂದ ಡೀಸೆಲ್ ಜನರೇಟರ್ ಓಡುತ್ತಿತ್ತು. ನಾನು ಎಲೆ ಮುಂದೆ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವ ಹೊತ್ತಿಗೆ ಅದು ಗೊರಗೊರ ಎಂದು ನಿಂತುಹೋಯಿತು. ಅದನ್ನು ನೋಡಿಕೊಳ್ಳುವವನು ಎಲ್ಲಿ ಹೋಗಿದ್ದನೋ ಯಾರಿಗೂ ಗೊತ್ತಿಲ್ಲ. ಮೈಕೂ ಸತ್ತಿದ್ದರಿಂದ ಅಂಕಲ್ ಬಾಯಲ್ಲೇ ಕೂಗಿದರು: "ಯಾರೂ ಎದರ್ಕೋಬೇಡ್ರಿ! ನಮ್ ಮನ್ಯಾಗೇ ಜನರೇಟರ್ ಮೇಡಂ ಅವ್ರೆ!"

ರೇಷ್ಮೆ ಸೀರೆಯಲ್ಲಿ, ತುಪ್ಪದ ಕೈಯಲ್ಲಿ ನಾನು ಜನರೇಟರ್ ಮುಂದೆ ಬಂದು ನಿಂತೆ. ಜನ ದಾರಿ ಬಿಟ್ಟುಕೊಟ್ಟರು. "ಅಂಕಲ್, ನಮ್ಮ ಜನರೇಟರ್ ಬೇರೆ, ಇದು ಡೀಸೆಲ್ದು..." ಎಂದು ಶುರು ಮಾಡಿದೆ.

"ಪೆಟ್ರೋಲ್ದೋ ಡೀಸೆಲ್ದೋ, ಬುಡ ಒಂದೇ ಅಲ್ವೇನಮ್ಮಾ. ನೀನು ಸುಮ್ಕೆ ಯೋಳು, ನಮ್ ಉಡುಗ್ರು ಮಾಡ್ತಾರೆ."

ನನ್ನ ವೃತ್ತಿಗೆ ಗೊತ್ತಿರುವ ರಿಪೇರಿ ಜಗತ್ತಿನಲ್ಲಿ ಒಂದೇ. ಗಂಭೀರವಾಗಿ ಹೇಳಿದೆ: "ಪೂರ್ತಿ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿ."

ಯಾರೋ ಹಾಗೇ ಮಾಡಿದರು. ಆ ಪುಣ್ಯಾತ್ಮ ಜನರೇಟರ್ ಮತ್ತೆ ಓಡತೊಡಗಿತು. ಮೇಲಿನಿಂದ ಚಪ್ಪಾಳೆ. ಜನರೇಟರ್ ಮೇಡಂ ಎಂಬ ಹೆಸರು ಅಂದಿನಿಂದ ಇಡೀ ಪೀಣ್ಯಕ್ಕೆ ಹಬ್ಬಿತು. ತಿರುಗಿ ಬಂದಾಗ ನನ್ನ ಎಲೆಯಲ್ಲಿ ಎರಡು ಹೋಳಿಗೆ ಹೆಚ್ಚಾಗಿದ್ದವು. ಎದುರು ಮನೆಯವರು ಪಕ್ಕಕ್ಕೆ ಸರಿದು ಬಂದು ಗುಟ್ಟಾಗಿ ಕೇಳಿದರು: "ಮೇಡಂ, ಬೋರ್‌ವೆಲ್ ಮೋಟರ್ ವೈಂಡಿಂಗೂ ಮಾಡ್ತೀರಾ?"

೨. ಹನ್ನೆರಡು ಕಂಟ್ರೋಲರ್

ಇದೇ ಸಮಯಕ್ಕೆ ನಮಗೆ ಒಂದು ಫ್ಯಾಕ್ಟರಿಯ ಕೆಲಸ ಸಿಕ್ಕಿತು. ಪ್ರೆಶರ್ ಕುಕ್ಕರಿನ ಹಿಡಿ ಮಾಡುವ ಫ್ಯಾಕ್ಟರಿ, ನೂರೈವತ್ತು ಜನ ಕೆಲಸಗಾರರು. ಅದರ ಯಜಮಾನರು ಲೇತ್ ಮಿಷಿನ್ ಮುಂದೆ ನಿಂತು ಶುರು ಮಾಡಿ ಮೇಲೆ ಬಂದವರು. ಮಾತು ಒರಟು. ಹಾಜರಿ, ರಜೆ, ಕ್ಯಾಂಟೀನ್ ಎಲ್ಲವೂ ಕಂಪ್ಯೂಟರಿಗೆ ಬರಬೇಕು ಎನ್ನುವುದು ಅವರ ಆಸೆ.

ಮೊದಲ ಮೀಟಿಂಗಿನಲ್ಲಿ ನಮ್ಮ ಬಾಸ್ ಉತ್ಸಾಹದಿಂದ ವಿವರಿಸಿದರು. "ಸಾರ್, ನೌಕರರಿಗೆ ಒಂದು ಕಂಟ್ರೋಲರ್, ಹಾಜರಿಗೆ ಒಂದು, ರಜೆಗೆ ಒಂದು, ಕ್ಯಾಂಟೀನಿಗೆ ಒಂದು. ಒಟ್ಟು ಹನ್ನೆರಡು ಕಂಟ್ರೋಲರ್ ಹಾಕ್ತೀವಿ."

ಯಜಮಾನರು ಕನ್ನಡಕ ತೆಗೆದರು. "ಇರೋ ಒಬ್ಬ ಸೂಪರ್‌ವೈಸರ್‌ನೇ ನಂಗೆ ಸಾಕೋಕ್ ಆಗ್ತಿಲ್ಲ. ಹನ್ನೆರಡು ಜನಾನ ಎಲ್ಲಿ ಕೂರಿಸ್ಲಿ?"

"ಅವರು ಕೂರೋದಿಲ್ಲ ಸಾರ್."

"ನಿಂತ್ಕೊಂಡೇ ಇರ್ತಾರಾ?"

ಅವು ಕಂಪ್ಯೂಟರ್ ಒಳಗೇ ಇರುತ್ತವೆ ಎಂದು ಅರ್ಥ ಮಾಡಿಸುವ ಹೊತ್ತಿಗೆ ಎರಡು ಸುತ್ತು ಟೀ ಆಯಿತು. ಟೀ ತಂದವನು ಕೇಳಿಸಿಕೊಂಡದ್ದು ಅರ್ಧ. ಹೊರಗೆ ಹೋಗಿ ಹೇಳಿದ್ದು ಪೂರ್ತಿ: ನಮ್ಮನ್ನೆಲ್ಲ ಕಂಟ್ರೋಲ್ ಮಾಡೋಕೆ ಹನ್ನೆರಡು ಜನ ಬರ್ತಾರಂತೆ, ಈ ಮೇಡಂ ಅವರ ಲೀಡರಂತೆ.

ಅದೇ ಕೋಣೆಯ ಮೂಲೆಯಲ್ಲಿ ಒಬ್ಬ ಹೆಂಗಸು ಕೂತಿದ್ದರು. ಟೈಮ್ ಆಫೀಸಿನ ಅಕ್ಕ. ಯಾರು ಬಂದರು, ಯಾರು ಬರಲಿಲ್ಲ, ಯಾರಿಗೆ ರಜೆ ಎಂದೆಲ್ಲ ಬರೆದಿಡುವುದು ಅವರ ಕೆಲಸ. ಗದಗದ ಕಡೆಯವರು. ಇದೇ ಫ್ಯಾಕ್ಟರಿಯ ಪ್ಯಾಕಿಂಗಿನಲ್ಲಿ ದಿನವಿಡೀ ನಿಂತು ನಿಂತು ಮಂಡಿ ಹೋಗಿ, ಬೇಡಿಕೊಂಡು ಈ ಕುರ್ಚಿಗೆ ಬಂದವರು. ಯಜಮಾನರು ಅವರ ಕಡೆ ಬೆರಳು ತೋರಿಸಿ ನಮಗೆ ಹೇಳಿದರು: "ಆಯುಧಪೂಜೆ ದಿನ ಹೊಸದು ಶುರು. ಅಲ್ಲಿಂದ ಒಂದು ವಾರ ಈಯಮ್ಮ ನಿಮಗೆ ಒಂದೇ ಒಂದು ಫೋನ್ ಮಾಡ್ದೆ ನಡೆಸ್ಬೇಕು. ಆಗ್ಲಿಲ್ವಾ, ಈಯಮ್ಮನ್ನ ವಾಪಸ್ ಪ್ಯಾಕಿಂಗಿಗೆ ಕಳಿಸಿ, ಕಂಪ್ಯೂಟರ್ ಬರೋರನ್ನ ಆ ಸೀಟಿಗೆ ತರ್ತೀನಿ."

ಅಕ್ಕನ ಕೈ ಮೆಲ್ಲಗೆ ಮಂಡಿಯ ಮೇಲೆ ಹೋಯಿತು.

ಮಾರನೇ ದಿನ ಹೋದರೆ ಗೇಟಿನ ಸೆಕ್ಯೂರಿಟಿಯವರು ಸೆಲ್ಯೂಟ್ ಹೊಡೆದರು. ಒಳಗೆ ಯಾವ ಮಿಷಿನ್ನೂ ಖಾಲಿ ಇಲ್ಲ. ಟೀ ಅಂಗಡಿ ಮುಂದೆ ಒಬ್ಬರೂ ಇಲ್ಲ. ನಾನು ಹಾದುಹೋದಾಗ ಒಬ್ಬರು ಬೀಡಿಯನ್ನು ಜೇಬಿಗೇ ಹಾಕಿಕೊಂಡರು, ಹೊತ್ತಿದ್ದು ನೆನಪಾಗಿ ಕುಣಿದರು. ಯಜಮಾನರು ಆನಂದವಾಗಿ ಕೈಕಟ್ಟಿ ನಿಂತಿದ್ದರು.

"ಸಕ್ಕತ್ ಸಾಫ್ಟ್‌ವೇರ್ ಕಣಮ್ಮ ನಿಮ್ದು. ಇನ್ನೂ ಬಂದೇ ಇಲ್ಲ, ಆಗ್ಲೇ ಕೆಲ್ಸ ಮಾಡ್ತಾ ಇದೆ!"

೩. ಉಳಿಸು, ಅಳಿಸು

ಅಕ್ಕನಿಗೆ ಕಲಿಸುವುದು ನನ್ನ ಪಾಲಿಗೆ ಬಂತು. ಅವರಿಗೆ ಸುಲಭವಾಗಲಿ ಎಂದು ಎಲ್ಲ ಕಮಾಂಡುಗಳ ಬಟನ್ನಿಗೂ ಕನ್ನಡದಲ್ಲೇ ಹೆಸರು ಕೊಟ್ಟಿದ್ದೆ. ಸೇರಿಸು. ತಿದ್ದು. ಉಳಿಸು. ಅಳಿಸು. ನನ್ನ ಕನ್ನಡಪ್ರೇಮಕ್ಕೆ ನಾನೇ ಬೀಗುತ್ತ ಕಂಪ್ಯೂಟರ್ ತೆರೆದು ತೋರಿಸಿದೆ.

ಅಕ್ಕ ಪರದೆ ನೋಡಿ ಹಿಂದೆ ಸರಿದರು. "ಮೇಡಂ, ಇದು ಯಾಕ್ರೀ ಹಿಂಗ ಮಾತಾಡ್ತೈತಿ? ಸೇರಿಸು, ತಿದ್ದು... ನಮ್ಮತ್ತಿ ಮಾತಾಡಿದಂಗ ಐತಲ್ರೀ!"

"ಅಕ್ಕಾ, ಅದು ನಿಮಗೆ ಹೇಳ್ತಿರೋದಲ್ಲ. ನೀವು ಅದಕ್ಕೆ ಹೇಳ್ತಿರೋದು."

"ಹಂಗೇನ್ರೀ?" ಎಂದು ಸ್ವಲ್ಪ ಸಮಾಧಾನಗೊಂಡು, ಕೊನೆಯ ಬಟನ್ ಕಡೆ ನೋಡಿದರು. "ಮತ್ತ ಇದರಾಗ ಯಾರನ್ನ ಅಳಸೂದ್ರೀ?"

ಅಳಿಸು ಎಂದರೆ ಒರೆಸಿ ಹಾಕು ಎಂದು ನಾನು ಹೇಳಿದೆ. ಅವರಿಗೆ ಕೇಳಿಸಿದ್ದು ಕಣ್ಣೀರು ಹಾಕಿಸು ಎಂದು. ನಕ್ಕು ಸುಮ್ಮನಾದೆವು. ನಗಬಾರದಿತ್ತು. ಮರುದಿನ ಅಕ್ಕ ಬೆಳಿಗ್ಗೆಯಿಂದ ಸಂಜೆವರೆಗೆ ಕೂತು, ಪ್ರೆಸ್ ಸೆಕ್ಷನ್ನಿನವರ ಹೆಸರು, ಊರು, ವಯಸ್ಸು ಎಲ್ಲ ಒಂದೊಂದೇ ಅಕ್ಷರ ಹುಡುಕಿ ತುಂಬಿಸಿದರು. ಮನೆಗೆ ಹೊರಡುವ ಮುಂಚೆ, ನಾನು ಹೇಳಿಕೊಟ್ಟಂತೆ ಎಲ್ಲವನ್ನೂ ಒಟ್ಟಿಗೆ ಆರಿಸಿ, ಕನ್ನಡಕ ಸರಿ ಮಾಡಿಕೊಂಡು, ಉಳಿಸು ಒತ್ತಲು ಹೋಗಿ ಅಳಿಸು ಒತ್ತಿದರು. ಎರಡಕ್ಕೂ ವ್ಯತ್ಯಾಸ ಒಂದೇ ಅಕ್ಷರ. ಪ್ರೆಸ್ ಸೆಕ್ಷನ್ ಪೂರ್ತಿ ಮಾಯ.

ನಾನು ಹೋದಾಗ ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. "ನೋಡ್ರೀ ಮೇಡಂ, ಯಾರನ್ನ ಅಳಸೂದು ಅಂತ ಕೇಳಿದ್ನಲ್ಲ. ನನ್ನ ಅಳಸ್ತು ನೋಡ್ರೀ ಇದು."

ತಪ್ಪು ಅವರದ್ದಲ್ಲ, ಅವಳಿಜವಳಿ ಹಾಗಿರುವ ಎರಡು ಪದಗಳನ್ನು ಅಕ್ಕಪಕ್ಕ ಇಟ್ಟ ನನ್ನದು ಎಂದು ಹೇಳಿದೆ. ಕಂಪ್ಯೂಟರ್ ತಾನಾಗಿಯೇ ಇಟ್ಟುಕೊಂಡ ನಕಲು ಇತ್ತು, ಅದರಿಂದ ಎಲ್ಲವನ್ನೂ ವಾಪಸ್ ತಂದೆ. ಆಮೇಲೆ ಕೇಳಿದೆ, "ಅಕ್ಕಾ, ಮನೇಲಿ ಒಂದು ಸಾಮಾನು ಬೇಕು ಅನ್ನೋಕೆ, ಬೇಡ ಅನ್ನೋಕೆ ನೀವು ಏನಂತೀರಿ?"

"ಏನ್ ಅಂತೀವ್ರೀ? ಇರ್ಲಿ ಅಂತೀವಿ. ಬ್ಯಾಡ ಅಂತೀವಿ."

ಅಲ್ಲೇ ಬಟನ್ನುಗಳ ಹೆಸರು ಬದಲಾಯಿಸಿದೆ. ಮೊದಲನೆಯದಕ್ಕೆ "ಇರ್ಲಿರೀ". ಎರಡನೆಯದಕ್ಕೆ "ಬ್ಯಾಡ್ರೀ". ಅತ್ತೆಯ ದನಿ ಹೋಗಿ ಮರ್ಯಾದೆ ಬಂತು. ಆಮೇಲೆ ಅಕ್ಕ ಒಂದು ಸಲವೂ ತಪ್ಪಲಿಲ್ಲ.

ಬಾಸ್ ಅದನ್ನು ತೆರೆದು ಬಟನ್ನುಗಳನ್ನು ಒಂದೊಂದಾಗಿ ಓದಿದರು. ಕೊನೆಗೆ ಕೇಳಿದರು: "ನೌಕರನ್ನ ತೆಗೆದುಹಾಕೋ ಜಾಗದಲ್ಲಿ 'ಬ್ಯಾಡ್ರೀ' ಅಂತಿದೆ. ಇದು ಬಟನ್ನಾ, ಯೂನಿಯನ್ನಾ?"

೪. ರಜೆಗೆ ಕಾರಣ

ಬಾಸ್ ಸರದಿಯೂ ಬಂತು. ರಜೆಯ ಕಂಟ್ರೋಲರ್ ಹೊಸದಾಗಿ ಮಾಡಲು ಸೋಮಾರಿತನವಾಗಿ, ಆಗಲೇ ಮುಗಿದಿದ್ದ ಕ್ಯಾಂಟೀನ್ ಕಂಟ್ರೋಲರನ್ನು ನಕಲು ಮಾಡಿ ಹೆಸರು ಬದಲಾಯಿಸಿದರು. ಒಳಗಿನ ಕಮಾಂಡ್ ಬದಲಾಯಿಸಲು ಮರೆತರು. ಹಾಗಾಗಿ ಯಾರಿಗೆ ಯಾವ ದಿನ ರಜೆ ಎಂಬುದೇನೋ ಸರಿಯಾಗಿ ಬರುತ್ತಿತ್ತು. ಕಾರಣದ ಜಾಗದಲ್ಲಿ ಮಾತ್ರ ಆ ದಿನದ ಕ್ಯಾಂಟೀನ್ ಅಡುಗೆ ಬಂದು ಕೂರುತ್ತಿತ್ತು.

ಇನ್ನೂ ಪ್ರಯೋಗ ನಡೆಯುತ್ತಿದ್ದ ದಿನಗಳವು. ಅಕ್ಕ ಅದನ್ನು ಹಾಗೇ ಪ್ರಿಂಟ್ ತೆಗೆದು ಯಜಮಾನರ ಮೇಜಿನ ಮೇಲಿಟ್ಟರು. ಕಂಪ್ಯೂಟರ್ ಬರೆದಿದೆ ಎಂದರೆ ಏನೋ ಅರ್ಥ ಇರಲೇಬೇಕು ಎಂದು ಅವರ ಲೆಕ್ಕ. ಮಧ್ಯಾಹ್ನ ಯಜಮಾನರ ಫೋನ್ ನನಗೆ.

"ಏನಮ್ಮಾ, ಮಂಗಳವಾರ ನಾಲ್ಕು ಜನ ರಜೆ. ಕಾರಣ 'ಮುದ್ದೆ ಉಪ್ಸಾರು' ಅಂತ ಬಂದಿದೆ."

ಅಕ್ಕನ ತಲೆಗೆ ಇದು ಬರುತ್ತದಲ್ಲ ಎಂದು ಹೆದರಿ, "ಸಾರ್, ಅದು ನಮ್ಮ ಆಫೀಸಿನ ತಪ್ಪು, ಅಕ್ಕನದ್ದು ಏನೂ ಇಲ್ಲ, ಈಗಲೇ ಸರಿ ಮಾಡ್ತೀನಿ" ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

"ತಪ್ಪೇನಿದೆ? ಮುದ್ದೆ ಉಪ್ಸಾರು ತಿಂದ್ಮೇಲೆ ಯಾವನಿಗೆ ಕೆಲ್ಸ ಮಾಡೋಕೆ ಮನಸ್ಸು ಬರುತ್ತೆ? ಸೈನ್ ಹಾಕ್ಬಿಟ್ಟೆ. ಆದ್ರೆ ಗುರುವಾರ ಒಬ್ಬ ಬರೀ 'ಅನ್ನ ತಿಳಿಸಾರು' ಅಂತ ಹಾಕಿದ್ದಾನೆ. ಅದಕ್ಕೆಲ್ಲ ರಜೆ ಕೊಡೋಕಾಗಲ್ಲ ಅಂತ ಹೇಳ್ಬಿಡು!"

೫. ಯಾರು ಯಾರಿಗೆ ಫೋನ್ ಮಾಡಿದ್ದು

ಅಕ್ಕ ಕಲಿಯುವ ದಿನಗಳಲ್ಲಿ ನನ್ನ ಫೋನಿಗೆ ಪುರುಸೊತ್ತೇ ಇರಲಿಲ್ಲ. ಯಜಮಾನರು ಒಂದು ದಿನ ಗದರಿದರು: "ಈಗ್ಲಿಂದಾನೇ ಅಭ್ಯಾಸ ಬಿಡಮ್ಮ. ಫೋನ್ ಮಾಡಿದ್ದು ನೋಡಿದ್ರೆ ನಾಳೇನೇ ಪ್ಯಾಕಿಂಗು."

ಅಂದಿನಿಂದ ಬರೀ ಮಿಸ್ ಕಾಲ್. ಒಂದು ರಿಂಗ್, ಕಟ್. ನಾನು ತಿರುಗಿ ಮಾಡಬೇಕು. ಯಜಮಾನರ ಕಣ್ಣಿಗೆ ಅದೂ ಬಿತ್ತು. ಅಕ್ಕ ಫೋನ್ ತೆಗೆದು ಅವರ ಮುಂದೆಯೇ ಹಿಡಿದರಂತೆ: "ನೋಡ್ರೀ ಸಾಹೇಬ್ರ, ನಾ ಎಲ್ಲಿ ಮಾತಾಡೀನ್ರೀ? ಮೇಡಂ ಅವರ ಮಾಡ್ಯಾರ. ಪಾಪ, ನನ್ ಮ್ಯಾಲ ಅವರಿಗೆ ಭಾಳ ಕಾಳಜಿ."

ಇದಾಗಿ ಎರಡೇ ದಿನಕ್ಕೆ ಇನ್ನೊಂದು ಮಿಸ್ ಕಾಲ್ ಬಂತು, ಈ ಸಲ ಯಜಮಾನರ ನಂಬರಿನಿಂದ. ಗಾಬರಿಯಾಗಿ ತಿರುಗಿ ಮಾಡಿದೆ.

ದನಿ ಬಹಳ ಸಣ್ಣದಾಗಿತ್ತು. "ಏನಿಲ್ಲಮ್ಮ, ನನ್ನ ಪಾಸ್‌ವರ್ಡ್ ಮರ್ತೋಯ್ತು. ಯಾರಿಗೂ ಹೇಳ್ಬೇಡ. ಮತ್ತೆ ನೆನಪಿರ್ಲಿ, ಫೋನ್ ಮಾಡಿದ್ದು ನೀನು."

೬. ಯಾರೂ ಮುಟ್ಟದ ಆಯುಧ

ಆಯುಧಪೂಜೆಯ ದಿನ ಪೀಣ್ಯ ನೋಡಲು ಎರಡು ಕಣ್ಣು ಸಾಲದು. ಎಣ್ಣೆ ಮೆತ್ತಿಕೊಂಡು ಕೂತ ಮಿಷಿನ್ನುಗಳೆಲ್ಲ ಅಂದು ತೊಳೆಸಿಕೊಂಡು, ವಿಭೂತಿ ಕುಂಕುಮ ಹಚ್ಚಿಸಿಕೊಂಡು, ಕೊರಳಿಗೆ ಸೇವಂತಿಗೆ ಹಾಕಿಕೊಂಡು ಮದುಮಕ್ಕಳಾಗುತ್ತವೆ. ಗೇಟು ಗೇಟಿನ ಮುಂದೆಯೂ ಕುಂಬಳಕಾಯಿ ಒಡೆದಿರುತ್ತದೆ. ನಮ್ಮ ಸಾಫ್ಟ್‌ವೇರೂ ಅಂದೇ ಶುರುವಾಯಿತು. ಅಕ್ಕನ ಒಂದು ವಾರದ ಪರೀಕ್ಷೆಯೂ ಅಂದೇ ಶುರು. ಮಿಸ್ ಕಾಲ್ ಕೂಡ ಕೊಡುವಂತಿಲ್ಲ ಎಂದು ಯಜಮಾನರು ಈ ಸಲ ಬಿಡಿಸಿ ಹೇಳಿದ್ದರು. ಅಕ್ಕ ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರಿಗೆ ಪೂಜೆ ಮಾಡಿ, ಅದನ್ನು ಆನ್ ಮಾಡಿಯೇ ಇಟ್ಟು, ಕೋಣೆಗೆ ಬೀಗ ಹಾಕಿ ಮನೆಗೆ ಹೋದರು. ಮರುದಿನ ವಿಜಯದಶಮಿ, ರಜೆ.

ಅದರ ಮರುದಿನ ಕ್ಯಾಂಟೀನಿನ ಅಡುಗೆ ಅಣ್ಣ ಬೆಳಿಗ್ಗೆ ಬಂದು, ಪ್ರಯೋಗದ ದಿನಗಳಿಂದ ರೂಢಿಯಾದಂತೆ ತಮ್ಮ ಫೋನಿನಲ್ಲಿ ನಮ್ಮ ಪುಟ ತೆರೆದರು. ಇವತ್ತು ಎಷ್ಟು ಜನಕ್ಕೆ ಊಟ ಎಂದು ಅದು ತೋರಿಸುತ್ತದೆ. ಯಾವಾಗಲೂ ನೂರೈವತ್ತರ ಹತ್ತಿರ ಇರುವುದು ಅಂದು ಒಂಬೈನೂರು ದಾಟಿತ್ತು.

ಅವರು ಓಡಿ ಬಂದು ಅಕ್ಕನಿಗೆ ತೋರಿಸಿದರು. "ಅಕ್ಕಾ, ಏನೋ ಎಡವಟ್ಟಾಗಿದೆ. ಜನರೇಟರ್ ಮೇಡಂಗೆ ಒಂದು ಫೋನ್ ಹಾಕ್ಬಿಡಿ."

"ಏನಾರ ಹೇಳ್ರೀ, ಫೋನ್ ಮಾತ್ರ ಮಾಡಂಗಿಲ್ಲ" ಎಂದರು ಅಕ್ಕ. ಯಜಮಾನರನ್ನು ಕೇಳೋಣ ಎಂದರೆ ಅವರು ಊರಿಗೆ ಹೋಗಿದ್ದವರು ಇನ್ನೂ ಬಂದಿರಲಿಲ್ಲ. ಅಕ್ಕ ಯೋಚಿಸಿ ಯೋಚಿಸಿ ಕೊನೆಗೆ ತಾವೇ ಒಂದು ಅರ್ಥ ಮಾಡಿಕೊಂಡರು. "ಹಬ್ಬ ಆಗೇತಲ್ಲ, ಸಾಹೇಬ್ರು ಓಣಿ ಮಂದಿಗೆಲ್ಲ ಊಟ ಹಾಕಸಾಕತ್ತಿರಬೇಕು. ಮಾಡ್ರೀ, ಮಾಡ್ರೀ. ಪುಣ್ಯದ ಕೆಲಸ."

ಅಡುಗೆ ಅಣ್ಣ ಶಾಮಿಯಾನ ಅಂಗಡಿಯಿಂದ ಕೊಪ್ಪರಿಗೆಗಳನ್ನು ತರಿಸಿದರು. ಅಕ್ಕಪಕ್ಕದ ಕ್ಯಾಂಟೀನುಗಳಿಂದ ಅಕ್ಕಿ, ಬೇಳೆ ಕಡ ತಂದರು. ಪುಣ್ಯದ ಕೆಲಸ ಎಂದ ಮೇಲೆ ಸಿಹಿ ಇಲ್ಲದಿದ್ದರೆ ಹೇಗೆ ಎಂದು ಕೇಸರಿಬಾತ್ ಬೇರೆ ಕೆದಕಿದರು.

ಊಟದ ಹೊತ್ತಿಗೆ ಯಜಮಾನರಿಂದ ನಮಗೆ ಕರೆ ಬಂತು. ಮಿಸ್ ಕಾಲ್ ಅಲ್ಲ, ನಿಜವಾದದ್ದು. ನಾನೂ ಬಾಸೂ ಓಡಿದೆವು. ಅಂಗಳದ ತುಂಬ ಹೊಗೆಯಾಡುವ ಕೊಪ್ಪರಿಗೆಗಳು. ಅವುಗಳ ನಡುವೆ ಒಂದು ಸ್ಟೂಲಿನ ಮೇಲೆ ಯಜಮಾನರು.

"ಬನ್ನಿ ಬನ್ನಿ. ಕುಕ್ಕರ್ ಹಿಡಿ ಮಾಡ್ತಿದ್ದೆ. ಊರಿಂದ ಬಂದು ನೋಡ್ತೀನಿ, ಮದುವೆ ಛತ್ರ ಇಟ್ಟಿದೀನಿ."

ಟೈಮ್ ಆಫೀಸಿಗೆ ಹೋಗಿ ನೌಕರರ ಪುಟ ತೆರೆದೆವು. ಎಂಟುನೂರಕ್ಕೂ ಹೆಚ್ಚು ಹೊಸ ನೌಕರರು ಸಾಲಾಗಿ ಸೇರಿಕೊಂಡಿದ್ದರು. ಹೆಸರಿನ ಜಾಗ ಖಾಲಿ, ಊರಿನ ಜಾಗ ಖಾಲಿ. ಯಜಮಾನರು ಬಗ್ಗಿ ಓದಿದರು. "ಹೆಸರಿಲ್ಲ, ಊರಿಲ್ಲ, ಅಪ್ಪ ಅಮ್ಮ ಇಲ್ಲ. ಊಟಕ್ಕೆ ಮಾತ್ರ ಎಲ್ರೂ ಹಾಜರು!"

ನಮ್ಮ ಬಾಸ್ ಗಂಟಲು ಸರಿ ಮಾಡಿಕೊಂಡರು. "ಸಾರ್, ಇದು ಹ್ಯಾಕಿಂಗ್. ಹೊರದೇಶದವರು ಮಾಡಿರೋ ಸಾಧ್ಯತೆ ಇದೆ."

"ನನ್ನ ಕುಕ್ಕರ್ ಹಿಡಿ ಮೇಲೆ ಯಾವ ದೇಶಕ್ಕಯ್ಯಾ ಕಣ್ಣು?"

ಯಾರು ಯಾವ ಕಮಾಂಡ್ ಕೊಟ್ಟರು ಎಂದು ನಮ್ಮ ಅಪ್ಲಿಕೇಶನ್ ನೆನಪಿಟ್ಟುಕೊಳ್ಳುತ್ತದೆ. ತೆರೆದು ನೋಡಿದೆ. ನೋಡಬಾರದಿತ್ತು ಅನಿಸಿತು. ಎಲ್ಲವೂ ಆಯುಧಪೂಜೆಯ ದಿನ, ಒಂದರ ಹಿಂದೊಂದು, ಅಕ್ಕನ ಹೆಸರಿನಲ್ಲೇ ಸೇರಿದ್ದವು. ಎಲ್ಲರೂ ಅಕ್ಕನ ಕಡೆ ತಿರುಗಿದರು.

"ನನ್ನ ಮಕ್ಕಳಾಣಿ ರೀ, ನಾ ಮುಟ್ಟಿಲ್ಲ. ಪೂಜಿ ಮಾಡಿದ ಆಯುಧ ಅವತ್ತ ಯಾರಾರ ಮುಟ್ತಾರೇನ್ರೀ? ಬೇಕಾದ್ರ ನೋಡ್ರೀ, ಹೂವು ಸೈತ ತಗದಿಲ್ಲ. ನಿಂಬಿಹಣ್ಣು ಇವತ್ತ ಮುಂಜಾನೆ ಅಷ್ಟ ಬಾಜೂಕ ಇಟ್ಟೀನಿ."

ಕೀಬೋರ್ಡಿನ ಪಕ್ಕದಲ್ಲಿ ಕುಂಕುಮ ಹಚ್ಚಿದ ದಪ್ಪ ನಿಂಬೆಹಣ್ಣು ಇತ್ತು.

ನಾನು ಮೆಲ್ಲಗೆ ಕೇಳಿದೆ: "ಅಕ್ಕಾ, ಬೆಳಿಗ್ಗೆವರೆಗೂ ಇದು ಎಲ್ಲಿತ್ತು?"

"ಲಾರಿಗೆ ಗಾಲಿ ಕೆಳಗ ಇಡ್ತಾರ್ರೀ. ಇದಕ್ಕ ಗಾಲಿ ಇಲ್ಲಲ್ಲ. ಅದಕ್ಕ ಇದರಾಗಿಂದು ದೊಡ್ಡ ಗುಂಡಿ ಹುಡುಕಿ, ಇದರ ಮ್ಯಾಲ ಗಟ್ಟಿ ಒತ್ತಿ ಇಟ್ಟಿದ್ದೆ. ಉರುಳಬಾರದು ಅಂತ ಬಾಜೂಕ ತೆಂಗಿನಕಾಯಿ ಆನಿಸಿದ್ದೆ" ಎಂದು ಅಕ್ಕ ಎಂಟರ್ ಕೀ ತೋರಿಸಿದರು. ಶುಭದಿನ, ಹೊಸದೇ ತೆರೆದಿರಲಿ ಎಂದು ಪೂಜೆಗೆ ಮುಂಚೆ 'ಹೊಸ ನೌಕರ' ಪುಟ ತೆಗೆದಿಟ್ಟಿದ್ದರಂತೆ.

ನನಗೆ ಎಲ್ಲ ಹೊಳೆಯಿತು. ಅಕ್ಕನಿಗೆ ಮೌಸ್ ಹಿಡಿಯುವುದು ಕಷ್ಟ ಎಂದು, ಎಂಟರ್ ಒತ್ತಿದರೆ ಸಾಕು, ಒಬ್ಬ ನೌಕರ ಸೇರಿ ಮುಂದಿನವನಿಗೆ ಖಾಲಿ ಪುಟ ತೆರೆಯುವ ಹಾಗೆ ಕಮಾಂಡ್ ಮಾಡಿಟ್ಟವಳು ನಾನೇ. ಹೆಸರು ಬಿಟ್ಟರೆ ಕೆಂಪಕ್ಷರದಲ್ಲಿ ಗದರುವುದನ್ನೂ ಅವರು ಹೆದರುತ್ತಾರೆಂದು ತೆಗೆದಿದ್ದೆ. ನಿಂಬೆಹಣ್ಣು ಎಂಟರ್ ಒತ್ತಿ ಕೂತಿತ್ತು. ಅಂದು ನಡುವೆ ಕರೆಂಟ್ ಹೋಗಿ ಕಂಪ್ಯೂಟರ್ ಆರದಿದ್ದರೆ ಪೀಣ್ಯದ ಅರ್ಧ ಜನಸಂಖ್ಯೆ ಅಲ್ಲೇ ಕೆಲಸಕ್ಕೆ ಸೇರುತ್ತಿತ್ತು.

ಯಜಮಾನರಿಗೆ ನಂಬಿಕೆ ಬರಲಿಲ್ಲ. 'ಹೊಸ ನೌಕರ' ಪುಟ ತೆರೆಸಿ, ನಿಂಬೆಹಣ್ಣು ತೆಗೆದುಕೊಂಡು ತಾವೇ ಎಂಟರ್ ಮೇಲೆ ಇಟ್ಟು ಒತ್ತಿದರು. ಪರದೆ ಟಕಟಕ ಎಂದು ಓಡಿತು. ಹೊಸ ನೌಕರ, ಹೊಸ ನೌಕರ, ಹೊಸ ನೌಕರ.

ಅಂಗಳದಿಂದ ಅಡುಗೆ ಅಣ್ಣನ ಕೂಗು ಕೇಳಿಸಿತು: "ಸಾರ್, ಇನ್ನೂ ಮೂವತ್ತು ಜನ ಬಂದ್ರು! ಸಾರಿಗೆ ನೀರು ಹಾಕ್ಲಾ?"

ಯಜಮಾನರು ಕೈ ಎತ್ತಿದರು. ಎರಡೂ ಗೇಟು ತೆಗೆಸಿ, ಅಕ್ಕಪಕ್ಕದ ಶೆಡ್ಡುಗಳಿಗೆಲ್ಲ ಹೇಳಿಕಳಿಸಿದರು. ಬೀದಿಗೆ ಬೀದಿಯೇ ಬಂದು ಉಂಡಿತು. ಲಾರಿ ಡ್ರೈವರುಗಳು, ಪೌರಕಾರ್ಮಿಕರು, ಪಕ್ಕದ ಪವರ್ ಪ್ರೆಸ್ಸಿನವರು, ಎಲ್ಲರೂ. ಕೇಸರಿಬಾತ್ ಬಹಳ ಚೆನ್ನಾಗಿತ್ತು. ಆದರೆ ಅಕ್ಕ ಒಂದು ತುತ್ತೂ ತಿನ್ನಲಿಲ್ಲ. ಊಟ ಮುಗಿದು ಜನ ಕರಗಿದ ಮೇಲೆ ಯಜಮಾನರ ಮುಂದೆ ಬಂದು ನಿಂತರು.

"ನಾಳಿಂದ ಪ್ಯಾಕಿಂಗಿಗೆ ಹೋಗ್ತೀನ್ರೀ ಸಾಹೇಬ್ರ."

ಬಾಯಿ ಬಿಟ್ಟು ಏನಾದರೂ ಹೇಳಬೇಕು ಎಂದು ನಾನು ಮುಂದೆ ಹೋದೆ. ಯಜಮಾನರು ನನ್ನನ್ನು ಕೈಯಲ್ಲೇ ತಡೆದರು.

"ಇವರಿಗೆ ಫೋನ್ ಮಾಡಿದ್ಯೇನಮ್ಮಾ?"

"ಇಲ್ರೀ."

"ಎಂಟುನೂರು ಜನ ತಲೆ ಮೇಲೆ ಬಿದ್ರೂ ಮಾಡ್ಲಿಲ್ಲ ನೀನು. ಇನ್ನು ಯಾವತ್ತು ಮಾಡ್ತೀಯಾ?" ಎಂದು ನಿಂಬೆಹಣ್ಣನ್ನು ಎತ್ತಿ ಎಲ್ಲರಿಗೂ ತೋರಿಸಿದರು. "ಏನೂ ಬರದೇ ಇರೋ ಇದೇ ಒಂದು ಮಧ್ಯಾಹ್ನದಲ್ಲಿ ಇಷ್ಟು ಮಾಡ್ತು. ಕಂಪ್ಯೂಟರ್ ಪೂರ್ತಿ ಬರೋರನ್ನ ತಂದು ಕೂರ್ಸಿದ್ರೆ ನನ್ನ ಗತಿಯೇನು? ಬೇಡಪ್ಪ ಬೇಡ. ಆ ಕುರ್ಚಿ ನಿಂದೇ. ಆದ್ರೆ ಮುಂದಿನ ವರ್ಷ ಕಂಪ್ಯೂಟರ್ ಮೇಲೆ ನಿಂಬೆಹಣ್ಣು ಇಡ್ಬೇಡ."

ಮುಂದಿನ ವರ್ಷ ಎಂಬ ಮಾತು ಅಕ್ಕನಿಗೆ ತಲುಪಲು ಸ್ವಲ್ಪ ಹೊತ್ತು ಹಿಡಿಯಿತು. ತಲುಪಿದ ಮೇಲೆ ಕಣ್ಣು ತುಂಬಿಕೊಂಡಿತು. ನನಗೂ ಅಷ್ಟೇ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಯಜಮಾನರ ಮುಂದೆ ತಲೆಬಾಗಿ, ಬಹಳ ವಿನಯದಿಂದ ಕೇಳಿದರು:

"ಹಂಗಾರ ಮುಂದಿನ ವರ್ಷ ಕುಂಬಳಕಾಯಿ ಇಡೂಣೇನ್ರೀ ಸಾಹೇಬ್ರ?"